ಸಿಪ್ಪೆ, ಬುತ್ತಿ, ಮೊಳಕೆ

ಬೀಜದ ಮೊಳಕೆ ಎಣಿಸುವುದು ನನ್ನ ಉದ್ಯೋಗವಾಗಿತ್ತು. ಸರ್ಕಾರಿ ಬೀಜ ಪರೀಕ್ಷಾ ಪ್ರಯೋಗಾಲಯಕ್ಕೆ ಬಂದ ಒಂದೊಂದು ಮಾದರಿಯಿಂದಲೂ 400 ಕಾಳು ತೆಗೆದು, ನೂರರಂತೆ ನಾಲ್ಕು ಪಾಲು ಮಾಡಿ, ಒದ್ದೆ ಕಾಗದದ ಮೇಲೆ ಸಾಲಾಗಿ ಜೋಡಿಸಬೇಕು. ರಾಗಿಯಾದರೆ ಎಂಟನೆಯ ದಿನ ಕೊನೆಯ ಎಣಿಕೆ. ನೂರಕ್ಕೆ 75 ಮೊಳೆತರೆ ಆ ಬೀಜ ಪಾಸು, ಇಲ್ಲವಾದರೆ ನಪಾಸು. ವರ್ಷಗಟ್ಟಲೆ ಇದೇ ಕೆಲಸ ಮಾಡಿದವಳಿಗೆ ಮನುಷ್ಯರ ಮುಖಕ್ಕಿಂತ ಕಾಳಿನ ಮುಖವೇ ಹೆಚ್ಚು ನೆನಪಿರುತ್ತದೆ.

ಹುಟ್ಟಿ ಬೆಳೆದದ್ದು ಶಿರಾ ಸೀಮೆಯಲ್ಲಿ. ರಾಗಿ, ಹುರಳಿ, ಅವರೆ, ತೊಗರಿ, ಹರಳು, ಕಡಲೆಕಾಯಿ ನಮ್ಮ ಹೊಲದ ಬೆಳೆಗಳು. ಹೊಲಕ್ಕೆ ಅಪ್ಪ ಯಜಮಾನನಾದರೂ ಬಿತ್ತನೆ ಬೀಜಕ್ಕೆ ಅಜ್ಜಿಯೇ ಯಜಮಾನಿ. ಬೀಜದ ಮಡಕೆಯ ಬಾಯಿ ಬಿಚ್ಚಬೇಕಾದರೆ ಅಪ್ಪನೂ ಅವಳನ್ನು ಕೇಳಬೇಕಿತ್ತು. ಅಜ್ಜಿ ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿಯುತ್ತಿದ್ದಳು. 'ಟಕ್' ಎಂದು ಒಡೆದರೆ ಮಡಕೆಗೆ, ಮೆತ್ತಗೆ ಬಗ್ಗಿದರೆ ಇನ್ನೊಂದು ಬಿಸಿಲಿಗೆ. ಮುಂದೆ ಪ್ರಯೋಗಾಲಯದಲ್ಲಿ ತೇವಾಂಶ ಅಳೆಯುವ ಯಂತ್ರದ ಮುಂದೆ ಕೂತಾಗ, ಈ ಯಂತ್ರ ಹೇಳುವುದೂ ಅದನ್ನೇ ಅಲ್ಲವೇ ಅನ್ನಿಸುತ್ತಿತ್ತು. ಹಾಗೆಂದು ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎಂದು ಹಾಡಿ ಹೊಗಳುವ ಜಾತಿ ನನ್ನದಲ್ಲ. ಅವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದನ್ನು ಕಾಳನ್ನು ಬಿಡಿಸಿಟ್ಟುಕೊಂಡೇ ಹೇಳಬಹುದು.

ಅವರೆಯಿಂದಲೇ ಶುರುಮಾಡೋಣ. ಹಿದುಕಿದ ಬೇಳೆ ಸಾರು ಮಾಡುವ ಮನೆಯವರಿಗೆಲ್ಲ ಈ ಪಾಠ ಗೊತ್ತು. ನೆನೆದ ಕಾಳನ್ನು ಎರಡು ಬೆರಳಿನಲ್ಲಿ ಹಿದುಕಿದರೆ ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ಬೇಳೆ ಜಾರಿ ಬೀಳುತ್ತದೆ. ಎರಡು ಬೇಳೆಗಳನ್ನು ಬಿಡಿಸಿದರೆ ಒಂದು ಅಂಚಿನಲ್ಲಿ ಮೊಳಕೆ ಕಾಣುತ್ತದೆ. ಅದರ ಒಂದು ತುದಿ ಬೇರಾಗುವುದು, ಇನ್ನೊಂದು ತುದಿಯಲ್ಲಿ ಮಡಿಸಿಕೊಂಡಿರುವ ಪುಟ್ಟ ಎಲೆಗಳು. ಕಾಳಿನ ಮೇಲಿನ ಬಿಳಿ ಗೆರೆ ಅದು ಕಾಯಿಯೊಳಗೆ ಅಂಟಿಕೊಂಡಿದ್ದ ಜಾಗ. ಗೆರೆಯ ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಮೊದಲ ಬೇರು ಹೊರಬರುವುದು ಅದರ ಹತ್ತಿರದಿಂದಲೇ.

ಒಟ್ಟು ಮೂರೇ ಭಾಗ: ಹೊರಗಿನ ಸಿಪ್ಪೆ, ಒಳಗಿನ ಆಹಾರ, ಆಹಾರವನ್ನು ಉಂಡು ಎದ್ದು ನಿಲ್ಲುವ ಮೊಳಕೆ. ತಾಯಿಗಿಡ ಮಗುವಿನ ಜೊತೆಗೆ ಕಟ್ಟಿ ಕಳಿಸಿದ ಬುತ್ತಿ ಎಂದು ಆ ಆಹಾರವನ್ನು ಕರೆಯೋಣ. ಬೀಜದಿಂದ ಬೀಜಕ್ಕೆ ಬುತ್ತಿಯ ಜಾಗ ಬೇರೆ. ಅವರೆ, ಹುರಳಿ, ತೊಗರಿಗಳಲ್ಲಿ ಅದು ಎರಡು ಬೇಳೆಗಳಲ್ಲೇ ತುಂಬಿಕೊಂಡಿದೆ. ಹರಳಿನಲ್ಲಿ ಬೇಳೆಗಳು ಕಾಗದದಷ್ಟು ತೆಳು, ಎಣ್ಣೆ ತುಂಬಿದ ಬಿಳಿ ಬುತ್ತಿ ಅವುಗಳ ಸುತ್ತ ಬೇರೆಯಾಗಿಯೇ ಇದೆ. ರಾಗಿ, ಜೋಳ, ಭತ್ತಗಳಿಗೆ ಇರುವುದು ಒಂದೇ ಬೇಳೆ. ಅದೂ ಬುತ್ತಿ ಹೊರುವುದಿಲ್ಲ. ಪಕ್ಕದ ಹಿಟ್ಟಿನಿಂದ ಸಾರ ಹೀರಿ ಮೊಳಕೆಗೆ ಉಣಿಸುವುದಷ್ಟೇ ಅದರ ಕೆಲಸ. ಜೋಳದ ಕಾಳಿನಲ್ಲಿ ಹಣ್ಣಿನ ಗೋಡೆ ಬೀಜದ ಸಿಪ್ಪೆಗೆ ಅಂಟಿಕೊಂಡು ಒಂದಾಗಿಬಿಟ್ಟಿರುವುದರಿಂದ ಶಾಸ್ತ್ರದ ಲೆಕ್ಕದಲ್ಲಿ ಅದು ಬೀಜವಲ್ಲ, ಹಣ್ಣು. ರಾಗಿಯಲ್ಲಿ ಆ ಗೋಡೆ ತೆಳು ಪೊರೆ, ಉಜ್ಜಿದರೆ ಉದುರಿಹೋಗುತ್ತದೆ. ನಮ್ಮ ಕಣ್ಣಿಗೆ ಬೀಳುವ ಇಟ್ಟಿಗೆಗೆಂಪು ಕಾಳೇ ನಿಜವಾದ ಬೀಜ.

ನಮ್ಮ ನಾಡಿನ ಬೇಸಾಯದ ಇತಿಹಾಸವನ್ನು ಈ ಮೂರು ಭಾಗಗಳ ಮೇಲೇ ಬರೆಯಬಹುದು ಎಂಬುದು ನನ್ನ ನಂಬಿಕೆ. ಮನುಷ್ಯನ ಕೈ ಮೊದಲು ಬಿದ್ದದ್ದು ಸಿಪ್ಪೆಯ ಮೇಲೆ, ಆಮೇಲೆ ಬುತ್ತಿಯ ಮೇಲೆ, ತೀರ ಇತ್ತೀಚೆಗೆ ಮೊಳಕೆಯ ಮೇಲೆ.

ಸಿಪ್ಪೆ

ಬಳ್ಳಾರಿಯ ಪಕ್ಕದಲ್ಲಿ ಸಂಗನಕಲ್ಲು ಎಂಬ ಊರಿದೆ. ಅಲ್ಲಿನ ಗುಡ್ಡಗಳಲ್ಲಿ ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದರು, ದನ ಸಾಕಿದ್ದರು, ಮನೆ ಕಟ್ಟಿಕೊಂಡಿದ್ದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಲ್ಲಿ ಅಗೆದಾಗ ಗಮನವೆಲ್ಲ ಕಲ್ಲು, ಮಡಕೆಗಳ ಮೇಲಿತ್ತು. ಅರ್ಧ ಶತಮಾನದ ಮೇಲೆ ಧಾರವಾಡದ ರವಿ ಕೋರಿಶೆಟ್ಟರ್, ಇಂಗ್ಲೆಂಡಿನ ಡೋರಿಯನ್ ಫುಲ್ಲರ್ ಮೊದಲಾದವರು ಅದೇ ಸೀಮೆಯ ಮಣ್ಣಿನಲ್ಲಿ ಕಾಳು ಹುಡುಕಿದರು. ವಿಧಾನ ಸರಳವಾದದ್ದು. ಅಗೆದ ಮಣ್ಣನ್ನು ನೀರಿಗೆ ಕಲಸಿದರೆ ಮಣ್ಣು ತಳ ಸೇರುತ್ತದೆ, ಸುಟ್ಟು ಕರಿಕಾದ ಬೀಜ ತೇಲುತ್ತದೆ. ಒಲೆಗೆ ಬಿದ್ದು ಸುಟ್ಟ ಕಾಳಿಗೆ ಹುಳ ಹಿಡಿಯುವುದಿಲ್ಲ, ಅದು ಕೊಳೆಯುವುದೂ ಇಲ್ಲ. ಅಡುಗೆ ಮಾಡುವಾಗ ಯಾರ ಕೈಯಿಂದಲೋ ಜಾರಿದ ಕಾಳು ಇಂದಿಗೂ ತನ್ನ ಆಕಾರ ಬಿಟ್ಟುಕೊಟ್ಟಿಲ್ಲ.

ಹಾಗೆ ತೇಲಿ ಬಂದವುಗಳಲ್ಲಿ ಮುಖ್ಯವಾದವು ಹುರಳಿ, ಹೆಸರು, ಕೊರಲೆ, ನವಣೆಯ ನಂಟಿನ ಒಂದು ಒರಟು ಹುಲ್ಲಿನ ಕಾಳು. ಇವು ನಾಲ್ಕು ಸಾವಿರ ವರ್ಷಗಳ ಆಸುಪಾಸಿನವು. ಕೊರಲೆ ಎಂದರೆ ಬೆಂಗಳೂರಿನ ಸಿರಿಧಾನ್ಯದ ಅಂಗಡಿಯಲ್ಲಿ ಈಗ ಹೊಸ ಸರಕು. ನಮ್ಮ ಶಿರಾ, ಮಧುಗಿರಿ, ಪಾವಗಡದ ಹೊಲಗಳಲ್ಲಿ ಅದು ಎಂದೂ ನಿಂತುಹೋಗಿರಲಿಲ್ಲ. ರಾಗಿಯಾಗಲಿ, ಸಜ್ಜೆಯಾಗಲಿ, ಅವರೆಯಾಗಲಿ ಆಗಿನ್ನೂ ನಮ್ಮವಾಗಿರಲಿಲ್ಲ. ಅವು ಆಫ್ರಿಕದಿಂದ ಆಮೇಲೆ ಬಂದವು. ರಾಗಿಯ ತೌರು ಇಥಿಯೋಪಿಯ, ಉಗಾಂಡದ ಎತ್ತರದ ಸೀಮೆ. ನಮ್ಮ ನೆಲದ ಹಳೆಯ ಒಕ್ಕಲು ಎಂದರೆ ಹುರಳಿ.

ಈ ಹುರಳಿಯ ಸಿಪ್ಪೆಯಲ್ಲಿ ಒಂದು ದೊಡ್ಡ ಕಥೆ ಅಡಗಿದೆ. ಕಾಡಿನ ದ್ವಿದಳ ಬೀಜಗಳ ಸಿಪ್ಪೆ ದಪ್ಪ, ನೀರು ಒಳಗಿಳಿಯಲು ಬಿಡುವುದಿಲ್ಲ. ಅದರಿಂದ ಕಾಡಿನ ಗಿಡಕ್ಕೆ ಲಾಭವೇ. ಮೊದಲ ಮಳೆಗೆ ಎಲ್ಲ ಬೀಜವೂ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ವಂಶವೇ ಒಣಗಿಹೋಗುತ್ತದೆ. ಆದ್ದರಿಂದ ಕೆಲವು ಈ ವರ್ಷ ಮೊಳೆಯುತ್ತವೆ, ಕೆಲವು ಬರುವ ವರ್ಷ, ಇನ್ನು ಕೆಲವು ಅದರ ಮುಂದಿನ ವರ್ಷ. ಬಿತ್ತುವವನಿಗೆ ಇದು ಆಗಿಬರುವುದಿಲ್ಲ. ಅವನಿಗೆ ಹಾಕಿದ ಬೀಜವೆಲ್ಲ ಒಟ್ಟಿಗೆ ಏಳಬೇಕು, ಒಟ್ಟಿಗೆ ಮಾಗಬೇಕು.

ಯಾರೂ ಕೂತು ತೆಳು ಸಿಪ್ಪೆಯ ಕಾಳನ್ನು ಆರಿಸಬೇಕಾಗಿರಲಿಲ್ಲ. ಬಿತ್ತಿದ್ದರಲ್ಲಿ ಬೇಗ ನೀರು ಕುಡಿದದ್ದು ಮೊಳೆಯಿತು, ಕಾಯಿ ಬಿಟ್ಟಿತು, ಸುಗ್ಗಿಯಲ್ಲಿ ಕೈಗೆ ಬಂತು. ಹಟಮಾರಿ ದಪ್ಪ ಸಿಪ್ಪೆಯದು ಮಣ್ಣಿನಲ್ಲೇ ಉಳಿಯಿತು. ಮುಂದಿನ ವರ್ಷ ಬಿತ್ತಿದ್ದು ಕೈಗೆ ಬಂದದ್ದನ್ನೇ. ನೂರಾರು ಮಳೆಗಾಲ ಹೀಗೆ ನಡೆದರೆ ಸಿಪ್ಪೆ ತಾನಾಗಿ ತೆಳುವಾಗುತ್ತದೆ. ಇದು ಬರೀ ಊಹೆಯಲ್ಲ. ಚಾರ್ಲೀನ್ ಮರ್ಫಿ ಮತ್ತು ಫುಲ್ಲರ್ ದಕ್ಷಿಣ ಭಾರತದ ಪುರಾತನ ನೆಲೆಗಳಲ್ಲಿ ಸಿಕ್ಕ ಸುಟ್ಟ ಹುರಳಿಕಾಳುಗಳನ್ನು ಇಂಗ್ಲೆಂಡಿನ ಸಿಂಕ್ರೊಟ್ರಾನ್ ಯಂತ್ರದ ಎಕ್ಸ್-ರೇ ಕೆಳಗಿಟ್ಟು, ಕಾಳನ್ನು ಒಡೆಯದೆಯೇ ಸಿಪ್ಪೆಯ ದಪ್ಪ ಅಳೆದರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಕ್ರಿ.ಪೂ. 2000ದಿಂದ 1200ರ ನಡುವೆ ಹುರಳಿಯ ಸಿಪ್ಪೆ ತೆಳುವಾಗುತ್ತ ಬಂದಿದೆ. ಬಡವರ ಕಾಳು, ಕುದುರೆಯ ಮೇವು ಎಂದು ನಾವು ಮೂಗು ಮುರಿಯುವ ಹುರಳಿಯೇ ನಮ್ಮ ಬೇಸಾಯದ ಬಹು ಹಳೆಯ ದಾಖಲೆ.

ಹುರಳಿಗೆ ಕಾಡಿನ ಬುದ್ಧಿ ಇನ್ನೂ ಪೂರ್ತಿ ಹೋಗಿಲ್ಲ. ಮೊಳಕೆ ಕಟ್ಟಿದ ಹುರಳಿಯಲ್ಲಿ ನೆನೆಯದೆ ಉಳಿದ ಒಂದೆರಡು ಕಾಳು ಹಲ್ಲಿಗೆ ಸಿಕ್ಕಿದ ಅನುಭವ ಎಲ್ಲರಿಗೂ ಇದೆ. ಪ್ರಯೋಗಾಲಯದಲ್ಲಿ ಅವಕ್ಕೆ 'ಗಟ್ಟಿಬೀಜ' ಎಂಬ ಬೇರೆಯೇ ಕಲಮು. ದಿನ ತುಂಬಿದರೂ ಊದದೆ, ಕೊಳೆಯದೆ, ಇಟ್ಟ ಹಾಗೇ ಇರುವ ಕಾಳು ಸತ್ತದ್ದಲ್ಲ, ಸಮಯ ಕಾಯುತ್ತಿರುವುದು. ಆದ್ದರಿಂದ ದ್ವಿದಳ ಧಾನ್ಯಗಳಲ್ಲಿ ಅದನ್ನೂ ಮೊಳಕೆಯ ಲೆಕ್ಕಕ್ಕೇ ಸೇರಿಸುತ್ತಾರೆ.

ಬುತ್ತಿ

ಸಿಪ್ಪೆ ಮಣಿದ ಮೇಲೆ ಬೆಳೆ ಕೈಗೆ ಬಂತು. ಅದನ್ನು ಮುಂದಿನ ಮಳೆಯವರೆಗೆ ಕಾಯುವುದು ಹೇಗೆ? ಇಲ್ಲಿ ಎಲ್ಲವೂ ಬುತ್ತಿಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಹಿಟ್ಟು ಹೆಚ್ಚಿದ್ದರೆ ಬಾಳಿಕೆ ಹೆಚ್ಚು, ಎಣ್ಣೆ ಹೆಚ್ಚಿದ್ದರೆ ಕಮಟುವುದು ಬೇಗ. ರಾಗಿಯಲ್ಲಿ ಜಿಡ್ಡು ನೂರಕ್ಕೆ ಒಂದೂವರೆಯಷ್ಟು, ಸಜ್ಜೆಯಲ್ಲಿ ಐದರಷ್ಟು, ಕಡಲೆಬೀಜದಲ್ಲಿ ಹತ್ತಿರ ಹತ್ತಿರ ಅರ್ಧ. ಸಜ್ಜೆಯ ಹಿಟ್ಟನ್ನು ನಾಲ್ಕು ದಿನ ಇಟ್ಟರೆ ಕಹಿ ಬರುವುದೂ, ರಾಗಿ ವರ್ಷಗಟ್ಟಲೆ ಕೆಡದಿರುವುದೂ ಇದೇ ಕಾರಣಕ್ಕೆ. ಮೇಲಾಗಿ ರಾಗಿಯ ಸಿಪ್ಪೆಯಲ್ಲಿ ಒಗರು. ಕಾಳು ಎಷ್ಟು ಸಣ್ಣದೆಂದರೆ ಕೆಜಿಗೆ ಮೂರು ಲಕ್ಷಕ್ಕೂ ಹೆಚ್ಚು ತೂಗುತ್ತವೆ. ಅಕ್ಕಿ, ಜೋಳಕ್ಕೆ ಬೀಳುವ ಹುಳಕ್ಕೆ ಒಳಗೆ ಸಂಸಾರ ಹೂಡಲು ಅಲ್ಲಿ ಜಾಗವೇ ಇಲ್ಲ.

ಹಳೇ ಮೈಸೂರು ಸೀಮೆಯ ಹಗೇವಿನ ಹಿಂದೆ ಇದ್ದದ್ದು ಈ ಬಲ. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿ, ಅಗಲವಾದ ಹೊಟ್ಟೆಯ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಹಾಕಿ ಮಣ್ಣು ಮುಚ್ಚಿದರೆ ಆಯಿತು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿದ ಮೇಲೆ ಹುಳಕ್ಕೆ ಉಳಿಗಾಲವಿಲ್ಲ. ಮನುಷ್ಯನಿಗೂ ಇಲ್ಲ. ಆದ್ದರಿಂದ ಬಾಯಿ ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಗಾಳಿ ಆಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿಯ ಅಪ್ಪಣೆಯ ಮೇಲೆ ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿಯ ಬೇಸಾಯವನ್ನೂ ಕೂರಿಗೆಯನ್ನೂ ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ ಅಕ್ಕಡಿ ಹಾಕುವುದನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ದಂಡು ಬಂದರೆ ದೋಚಿಕೊಂಡು ಹೋಗಲಾಗದ ಉಗ್ರಾಣ ಬೇಕಿದ್ದ ಕಾಲ ಅದು. ನೆಲದೊಳಗಿನ ಹಗೇವು ಆ ಕೆಲಸವನ್ನೂ ಮಾಡುತ್ತಿತ್ತು.

ಬೀಜಕ್ಕೆ ಆಗ ಇನ್ನೊಂದು ಅಧಿಕಾರವೂ ಇತ್ತು. ಭೂಮಿಯನ್ನೇ ಬೀಜದಿಂದ ಅಳೆಯುತ್ತಿದ್ದರು. ನಮ್ಮ ಶಾಸನಗಳಲ್ಲಿ ದಾನ ಕೊಟ್ಟ ಗದ್ದೆಗೆ ಖಂಡುಗ, ಕೊಳಗಗಳ ಲೆಕ್ಕ. ಅಷ್ಟು ಬೀಜ ಹಿಡಿಸುವ ಭೂಮಿ ಎಂದರ್ಥ. ಬೀಜವರಿ ಎಂದು ಅದಕ್ಕೆ ಹೆಸರು. ಖಂಡುಗದ ಹೊಲ ಖಂಡುಗದ ಗದ್ದೆಗಿಂತ ಹಲವು ಪಟ್ಟು ದೊಡ್ಡದಾಗಿರುತ್ತಿದ್ದುದು ಯಾಕೆಂದು ಕೂರಿಗೆ ಹಿಡಿದವರನ್ನು ಕೇಳಬೇಕು. ಕೂರಿಗೆಯಲ್ಲಿ ಬಿತ್ತಿದರೆ ಎಕರೆ ರಾಗಿಗೆ ನಾಲ್ಕೈದು ಕೆಜಿ ಸಾಕು, ನಾಟಿ ಹಾಕಿದರೆ ಅದರ ಅರ್ಧ. ಭತ್ತಕ್ಕೆ ಅದರ ಹಲವು ಪಟ್ಟು ಬೇಕು. ಕಾಳು ಸಣ್ಣದಾದಷ್ಟೂ ಖಂಡುಗ ಹಿಗ್ಗುತ್ತದೆ.

ಬಿತ್ತನೆಯ ರಾಗಿಯನ್ನು ನಮ್ಮ ಮನೆಯಲ್ಲಿ ಹಗೇವಿಗೆ ಹಾಕುತ್ತಿರಲಿಲ್ಲ. ತಿನ್ನಲು ಬುತ್ತಿಯೊಂದು ಕೆಡದಿದ್ದರೆ ಸಾಕು, ಬಿತ್ತಲು ಮೊಳಕೆಗೂ ಜೀವವಿರಬೇಕು. ನೆಲದ ತೇವ ತಗುಲಿದ ರಾಗಿ ಮುದ್ದೆಗೆ ಆದೀತು, ಹೊಲಕ್ಕೆ ನೆಚ್ಚುವಂತಿಲ್ಲ. ಕೊಯ್ಲಿಗೆ ಮೊದಲೇ ಅಜ್ಜಿ ಹೊಲದಲ್ಲಿ ತಿರುಗಿ ತುಂಬಿದ ತೆನೆಗಳನ್ನು ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅವು ಮೆದೆಗೆ ಹೋಗುವಂತಿಲ್ಲ, ಕಣದ ರೋಣಗಲ್ಲಿಗೆ ಸಿಕ್ಕುವಂತಿಲ್ಲ. ಬೇರೆಯಾಗಿ ಕೋಲಿನಲ್ಲಿ ಬಡಿದು, ಕೇರಿ, ಒಣಗಿಸಿ, ಒಲೆಯ ಬೂದಿ ಬೆರೆಸಿ, ಮೇಲೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹೊದಿಸಿ, ಮಡಕೆಯ ಬಾಯಿಗೆ ಸಗಣಿ ಮೆತ್ತುವುದು ಅವಳ ಪದ್ಧತಿ. ಅಮೆರಿಕದ ಬೀಜವಿಜ್ಞಾನಿ ಹ್ಯಾರಿಂಗ್ಟನ್ ಹೇಳಿದ ಲೆಕ್ಕವೊಂದು ನಮ್ಮ ಪ್ರಯೋಗಾಲಯದಲ್ಲಿ ಎಲ್ಲರಿಗೂ ಬಾಯಿಪಾಠ: ಬೀಜದ ತೇವಾಂಶ ನೂರಕ್ಕೆ ಒಂದರಷ್ಟು ಇಳಿದರೆ ಆಯುಸ್ಸು ಸುಮಾರು ಎರಡರಷ್ಟಾಗುತ್ತದೆ. ಅಜ್ಜಿಯ ಹಲ್ಲು ಆ ಲೆಕ್ಕವನ್ನೇ ಅನುಸರಿಸುತ್ತಿತ್ತು.

ಒಂದೊಂದು ಬೀಜಕ್ಕೂ ಬೇರೆ ಉಪಚಾರ. ಅವರೆ, ತೊಗರಿಯ ಸಿಪ್ಪೆಯ ಮೇಲೆ ಹುಳ ಮೊಟ್ಟೆಯಿಟ್ಟರೆ ಮರಿ ನೇರ ಬೇಳೆಗೆ ಕೊರೆದು ಇಳಿಯುತ್ತದೆ. ಆದ್ದರಿಂದ ಕೆಮ್ಮಣ್ಣಿನ ಬಗ್ಗಡದಲ್ಲಿ ಕಲಸಿ ಒಣಗಿಸಿ ಇಡುವುದು. ಮಣ್ಣಿನ ಲೇಪ ಹುಳಕ್ಕೂ ಕಾಳಿಗೂ ನಡುವೆ ನಿಲ್ಲುತ್ತದೆ. ಅವರೆಯ ಮೊಳಕೆಯ ಬೇರಿನ ತುದಿ ಸಿಪ್ಪೆಯ ಕೆಳಗೇ ಇರುವುದರಿಂದ ಭಾರದ ಕಲ್ಲು ಉರುಳಿದರೆ ಅದು ಮುರಿಯುತ್ತದೆ. ಮೇಲೆ ನೋಡಿದರೆ ಕಾಳು ಚೆಂದ, ಒಳಗೆ ಜೀವವಿಲ್ಲ. ಬಿತ್ತನೆ ಕಾಳಿಗೆ ಕೋಲಿನ ಪೆಟ್ಟೇ ಆಗಬೇಕು ಎಂಬ ಅಜ್ಜಿಯ ಹಟಕ್ಕೆ ಅರ್ಥ ಸಿಕ್ಕಿದ್ದು ನನಗೆ ಪ್ರಯೋಗಾಲಯದಲ್ಲಿ. ಕಡಲೆಕಾಯಿಯ ಬೀಜಕ್ಕೆ ಸಿಪ್ಪೆ ಹೆಸರಿಗಷ್ಟೇ, ಒಳಗೆಲ್ಲ ಎಣ್ಣೆ. ಸುಲಿದಿಟ್ಟರೆ ಬೇಗ ಕೆಡುತ್ತದೆ. ಅದಕ್ಕೇ ಕಾಯಿಯಾಗಿಯೇ ಇಟ್ಟು, ಬಿತ್ತನೆಯ ಮುಂಚಿನ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಕೂತು ಕೈಯಲ್ಲಿ ಸುಲಿಯುತ್ತಿದ್ದೆವು. ಸೋರೆಯ ಬೀಜವನ್ನು ಸೋರೆ ಬುರುಡೆಯಲ್ಲೇ ಬಿಟ್ಟು ಅಡುಗೆಮನೆಯ ತೊಲೆಗೆ ನೇತುಹಾಕುತ್ತಿದ್ದರು. ಹೊಗೆ ಅದರ ಕಾವಲಿಗೆ.

ಒಣಗಿಸಿದರೆ ಸಾಯುವ ಬೀಜಗಳೂ ಇವೆ. ಹಲಸು, ಮಾವು ಈ ಗುಂಪಿನವು. ಇಂಗ್ಲೆಂಡಿನ ಇ. ಎಚ್. ರಾಬರ್ಟ್ಸ್ 1973ರಲ್ಲಿ ಬೀಜಗಳನ್ನು ಒಣಗಿಸಿ ಇಡಬಹುದಾದವು, ಇಡಲಾಗದವು ಎಂದು ಎರಡು ಪಂಗಡ ಮಾಡಿದ ಮೇಲೆ ಇದು ಪಠ್ಯಪುಸ್ತಕಕ್ಕೆ ಹತ್ತಿತು. ಹಲಸಿನ ಸೀಮೆಯಾದ ತುಮಕೂರಿನ ಕಡೆ ಹಣ್ಣು ತಿಂದ ಕೂಡಲೇ ಬೀಜ ಊರುವುದು ವಾಡಿಕೆ. ಅಡುಗೆಗೆ ಬೇಕಾದ ಬೀಜಕ್ಕೆ ಮಣ್ಣು ಮೆತ್ತಿ ತಂಪಿನಲ್ಲಿ ಇಡುತ್ತಿದ್ದರು. ರಾಗಿಗೆ ಬಿಸಿಲು, ಹಲಸಿಗೆ ತಂಪು. ಎರಡನ್ನೂ ಒಂದೇ ಮನೆಯಲ್ಲಿ ನಿಭಾಯಿಸಿದ್ದು ಹೆಂಗಸರು.

ಇಷ್ಟಿದ್ದರೂ ಬರ ಬಂದರೆ ತಡೆಯುತ್ತಿದ್ದುದು ಅಷ್ಟಕ್ಕಷ್ಟೆ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರ ಬರ, ಮೈಸೂರು ಸಂಸ್ಥಾನವನ್ನು ಹೇಗೆ ಹಿಂಡಿತೆಂಬುದನ್ನು ಜನಗಣತಿಯೇ ಹೇಳುತ್ತದೆ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ ನಲವತ್ತೆರಡು ಲಕ್ಷದ ಒಳಗೆ ಇಳಿದಿತ್ತು. ಹೊಟ್ಟೆ ಹಸಿದಾಗ ತಿನ್ನುವ ಕಾಳಿಗೂ ಬಿತ್ತುವ ಕಾಳಿಗೂ ನಡುವಿನ ಗೆರೆ ಅಳಿಸಿಹೋಗುತ್ತದೆ. ಬಿತ್ತನೆ ಬೀಜ ಇಲ್ಲದ ಮನೆ ಮಳೆ ಬಂದರೂ ಸಾಲಗಾರನ ಮನೆಯೇ. ನಮ್ಮ ಊರಿನಲ್ಲಿ ಬಿತ್ತನೆಗೆ ಒಂದು ಸೇರು ತಂದವನು ಸುಗ್ಗಿಯಲ್ಲಿ ಒಂದೂವರೆ ಸೇರು ಅಳೆದು ಕೊಡಬೇಕಿತ್ತು. ಹಳೆಯ ಪದ್ಧತಿಯನ್ನು ಕೊಂಡಾಡುವವರು ಈ ಅರ್ಧ ಸೇರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೊಳಕೆ

ಮೊಳಕೆ ಹೇಗೆ ಹುಟ್ಟುತ್ತದೆ ಎಂಬ ಗುಟ್ಟು ಅಜ್ಜಿಗಾಗಲಿ ಅವಳ ಅಜ್ಜಿಗಾಗಲಿ ಗೊತ್ತಿರಲಿಲ್ಲ. 1898ರವರೆಗೆ ಜಗತ್ತಿನಲ್ಲಿ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಆ ವರ್ಷ ರಷ್ಯದ ಸೆರ್ಗೈ ನವಾಶಿನ್, ಹೂವಿನೊಳಗೆ ನಡೆಯುವ ಗರ್ಭಾಧಾನ ಒಂದಲ್ಲ ಎರಡು ಎಂದು ತೋರಿಸಿದರು. ಒಂದರಿಂದ ಮೊಳಕೆ, ಇನ್ನೊಂದರಿಂದ ಬುತ್ತಿ. ಈ ವಿದ್ಯೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಲ್. ನಾರಾಯಣರಾಯರು ಕನ್ನಡ ನೆಲದಲ್ಲಿ ಅಡಿಪಾಯ ಹಾಕಿದರು. ಅಲ್ಲೇ ಓದಿದ ಬಿ. ಜಿ. ಎಲ್. ಸ್ವಾಮಿ ಹೆಸರು ಮಾಡಿದ್ದು ಆರ್ಕಿಡ್ ಗಿಡಗಳ ಭ್ರೂಣಶಾಸ್ತ್ರದಲ್ಲಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದಕ್ಕೆ ಬುತ್ತಿಯೇ ಇಲ್ಲ. ಮಣ್ಣಿನಲ್ಲೋ ಮರದ ತೊಗಟೆಯಲ್ಲೋ ಇರುವ ಶಿಲೀಂಧ್ರ ಉಣಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದೇ ಸ್ವಾಮಿಯವರು 'ಹಸುರು ಹೊನ್ನು' ಬರೆದು ಕನ್ನಡಿಗರಿಗೆ ಗಿಡಮರಗಳ ಹುಚ್ಚು ಹಿಡಿಸಿದ್ದು ಎಲ್ಲರಿಗೂ ತಿಳಿದದ್ದೇ.

ಗುಟ್ಟು ತಿಳಿದ ಮೇಲೆ ಮೊಳಕೆಯನ್ನು ಬೇಕಾದಂತೆ ರೂಪಿಸುವ ಆಸೆ ಹುಟ್ಟಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ಲೆಸ್ಲಿ ಕೋಲ್‌ಮನ್ ಅವರ ಕಾಲದಲ್ಲಿ ಹೆಬ್ಬಾಳದ ಫಾರಂನಲ್ಲಿ ರೈತರ ರಾಗಿಗಳಿಂದಲೇ ಒಳ್ಳೆಯ ತೆನೆ ಆರಿಸಿ ತಳಿ ಮಾಡುವ ಕೆಲಸ ನಡೆಯಿತು. ಅಜ್ಜಿಯರು ಮಾಡುತ್ತಿದ್ದುದನ್ನೇ ದಾಖಲೆ ಇಟ್ಟು, ಸಾಲು ಸಾಲಾಗಿ ಹೋಲಿಸಿ ಮಾಡಿದ್ದು. ಎರಡು ರಾಗಿಗಳನ್ನು ಕೂಡಿಸುವುದು ಮಾತ್ರ ಬೇರೆಯೇ ಕಷ್ಟ. ರಾಗಿಯ ಹೂವು ಕಣ್ಣಿಗೆ ಕಾಣುವುದೇ ಕಷ್ಟ, ಅದು ತನ್ನ ಪರಾಗವನ್ನು ತಾನೇ ಪಡೆದುಬಿಡುತ್ತದೆ. ಕೊಯಮತ್ತೂರಿನಲ್ಲಿದ್ದ ಜಿ. ಎನ್. ರಂಗಸ್ವಾಮಿ ಅಯ್ಯಂಗಾರ್ 1930ರ ದಶಕದಲ್ಲಿ ಅದಕ್ಕೊಂದು ಉಪಾಯ ಹೇಳಿದರು: ಎರಡು ತಳಿಯ ತೆನೆಗಳನ್ನು ಒತ್ತಿಗೆ ಕಟ್ಟಿ ಬಿಡುವುದು, ಅಪರೂಪಕ್ಕೆ ಬೆರೆತು ಹುಟ್ಟಿದ ಸಸಿಯನ್ನು ಕಾಂಡದ ಬಣ್ಣ ನೋಡಿ ಗುರುತಿಸುವುದು.

ಈ ತಾಳ್ಮೆಯ ಕೆಲಸಕ್ಕೆ ಜೀವನವನ್ನೇ ಕೊಟ್ಟವರು ಮಂಡ್ಯದ ವಿ. ಸಿ. ಫಾರಂನ ಲಕ್ಷ್ಮಣಯ್ಯನವರು. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಅರುಣ, ಉದಯ, ಪೂರ್ಣ, ಕಾವೇರಿ, ಶಕ್ತಿ ಮೊದಲಾದ ತಳಿಗಳ ಜೊತೆಗೆ ಅವರು ಮಾಡಿದ ದೊಡ್ಡ ಕೆಲಸ ಇಂಡಾಫ್ ರಾಗಿಗಳು. ಭಾರತದ ರಾಗಿಯನ್ನು ಅದರ ಆಫ್ರಿಕದ ನೆಂಟರೊಂದಿಗೆ ಕೂಡಿಸಿ ಹುಟ್ಟಿಸಿದವು ಅವು. ಸಾವಿರಾರು ವರ್ಷ ಬೇರೆ ಬೇರೆ ಖಂಡಗಳಲ್ಲಿ ಬೆಳೆದಿದ್ದ ಒಂದೇ ಕುಲದ ಎರಡು ಕವಲು ಮಂಡ್ಯದಲ್ಲಿ ಮತ್ತೆ ಕೂಡಿದವು. 1970ರ ದಶಕದಿಂದ ಇಂಡಾಫ್ ಹಳ್ಳಿಹಳ್ಳಿಗೆ ಹೋಯಿತು, ರಾಗಿಯ ಇಳುವರಿ ಏರಿತು. ಇಂದು ನಮ್ಮ ಕಡೆ ಹೆಚ್ಚಾಗಿ ಬೆಳೆಯುವ ಜಿಪಿಯು-28 ಕೂಡ ಇಂಡಾಫ್-5 ಮತ್ತು ಇಂಡಾಫ್-9ರ ವಂಶದ್ದೇ. ಬೆಂಕಿ ರೋಗವನ್ನು ತಡೆದು ನಿಲ್ಲುವುದು ಅದರ ಹೆಚ್ಚುಗಾರಿಕೆ. ಅಜ್ಜಿಯ ಮಡಕೆಯಲ್ಲಿದ್ದ ರಾಗಿಗೆ ಈ ಶಕ್ತಿ ಇರಲಿಲ್ಲ. ರೋಗ ಬಿದ್ದ ವರ್ಷ ತೆನೆ ಬರೀ ಜೊಳ್ಳು.

ಲಕ್ಷ್ಮಣಯ್ಯನವರ ರಾಗಿಯನ್ನು ಒಮ್ಮೆ ತಂದ ರೈತ ಮುಂದಿನ ವರ್ಷ ತನ್ನ ಹೊಲದ್ದನ್ನೇ ಎತ್ತಿಟ್ಟು ಬಿತ್ತಬಹುದಿತ್ತು. ಬೀಜ ಮನೆಯಿಂದ ಹೊರಬಿದ್ದದ್ದು ಹೈಬ್ರಿಡ್‌ನೊಂದಿಗೆ. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರಕಿ ಅವರು ಎರಡು ಬೇರೆ ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ ವರಲಕ್ಷ್ಮಿ ಎಂಬ ಹೈಬ್ರಿಡ್ ತಂದರು. ಇಂಥ ಬೀಜ ಬೇಕೆಂದರೆ ಪ್ರತಿ ಹೂವನ್ನೂ ಕೈಯಿಂದ ಕೂಡಿಸಬೇಕು. ರಾಣೆಬೆನ್ನೂರಿನ ಸುತ್ತಮುತ್ತ ಈ ಕಸುಬು ಬೇರೂರಿತು. ಹತ್ತಿ, ಟೊಮೆಟೊ, ಮೆಣಸಿನಕಾಯಿ ಬೀಜಗಳು ಅಲ್ಲಿಂದ ದೇಶಕ್ಕೆಲ್ಲ ಹೋಗತೊಡಗಿದವು.

ಹೊಲ ತಪಾಸಣೆಗೆಂದು ಆ ಕಡೆ ಓಡಾಡಿದವಳು ನಾನು. ಮಧ್ಯಾಹ್ನ ಇಳಿದ ಮೇಲೆ ಹೆಂಗಸರು ಸಾಲು ಹಿಡಿದು, ಮಾರನೆಯ ದಿನ ಅರಳಬೇಕಾದ ಹತ್ತಿಯ ಮೊಗ್ಗನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ ಗಂಡು ಭಾಗವನ್ನೆಲ್ಲ ತೆಗೆದುಹಾಕುತ್ತಾರೆ. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವು ತಂದು ಸವರಿ ದಾರ ಕಟ್ಟುತ್ತಾರೆ. ಉಗುರು ಒಂದಿಷ್ಟು ಆಳಕ್ಕೆ ಇಳಿದರೆ ಕಾಯಿ ಉದುರುತ್ತದೆ, ಒಂದು ಪರಾಗಕೋಶ ಉಳಿದರೆ ಬೀಜ ಬೆರಕೆಯಾಗುತ್ತದೆ. ಈ ಸಾಲಿನಲ್ಲಿ ಶಾಲೆಯಲ್ಲಿರಬೇಕಾದ ಹುಡುಗಿಯರೂ ನಿಂತಿರುತ್ತಿದ್ದರು. ಅವರ ಕೂಲಿ ದೊಡ್ಡವರಿಗಿಂತ ಕಡಿಮೆ ಎಂಬುದೇ ಕಾರಣ. ಬೀಜದ ಚೀಲದ ಮೇಲೆ ಚೆಂದದ ಚಿತ್ರ ನೋಡಿದವರಿಗೆ ಈ ಕೈಗಳು ಕಾಣುವುದಿಲ್ಲ.

ಹೈಬ್ರಿಡ್ ಬೀಜವನ್ನು ಎತ್ತಿಟ್ಟು ಬಿತ್ತಲಾಗದು ಎಂಬುದು ಕಂಪನಿಯ ಮಾಟವಲ್ಲ, ಅದರ ಹುಟ್ಟಿನ ಗುಣ. ಎರಡು ತಳಿ ಕೂಡಿ ಹುಟ್ಟಿದ ಮೊದಲ ಪೀಳಿಗೆ ಒಂದೇ ಸಮ, ಬಲವಾದದ್ದು. ಅದರ ಬೀಜ ಬಿತ್ತಿದರೆ ಅಜ್ಜ ಅಜ್ಜಿಯರ ಗುಣಗಳೆಲ್ಲ ಚದುರಿ ಒಂದು ಗಿಡ ಹಾಗೆ, ಒಂದು ಹೀಗೆ. ಹೀಗಾಗಿ ವರ್ಷವರ್ಷವೂ ಅಂಗಡಿಗೆ ಹೋಗಬೇಕು. ಅಂಗಡಿ ಬಂದ ಮೇಲೆ ಕಾನೂನು ಬರಲೇಬೇಕು. 1966ರ ಬೀಜ ಕಾಯ್ದೆ, 1973ರ ಕರ್ನಾಟಕ ರಾಜ್ಯ ಬೀಜ ನಿಗಮ, ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ನನ್ನ ಪ್ರಯೋಗಾಲಯ, ನನ್ನ ಸಂಬಳ ಎಲ್ಲವೂ ಈ ಬದಲಾವಣೆಯ ಮಕ್ಕಳು. ಕಳಪೆ ಬೀಜ ಮಾರುವವರನ್ನು ಹಿಡಿಯಲು ಈ ವ್ಯವಸ್ಥೆ ಬೇಕೇ ಬೇಕು. ಆದರೆ ಅದರ ಜೊತೆಗೆ ಮನೆಯ ಹೆಂಗಸರ ಕೈಯಿಂದ ಒಂದು ಅಧಿಕಾರ ಜಾರಿತು. ಬೀಜ ಅವರ ಮಡಿಲಿನಿಂದ ಗಂಡಸರ ಜೇಬಿನ ರಸೀದಿಗೆ ಬಂತು. ಹುಳ ಬಿಡಿಸುವ ಕೆಲಸ ತಪ್ಪಿತೆಂದು ನಮ್ಮ ಅವ್ವ ಖುಷಿಪಟ್ಟದ್ದೂ ನಿಜ.

ಇಷ್ಟನ್ನೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಇದು. ಸಿಪ್ಪೆಯನ್ನು ಮಣಿಸಿದವರ ಹೆಸರು ನಮಗೆ ಗೊತ್ತಿಲ್ಲ, ಬುತ್ತಿಯನ್ನು ಕಾದವರ ಹೆಸರೂ ಗೊತ್ತಿಲ್ಲ. ಮೊಳಕೆಯನ್ನು ತಿದ್ದಿದವರಿಗೆ ಮಾತ್ರ ಹೆಸರಿದೆ, ಪ್ರಶಸ್ತಿಯಿದೆ, ಹಕ್ಕುಪತ್ರವೂ ಇದೆ. ಲಕ್ಷ್ಮಣಯ್ಯನವರಂಥವರಿಗೆ ಸಂದದ್ದು ಕಡಿಮೆಯೇ ಹೊರತು ಹೆಚ್ಚಲ್ಲ. ಆದರೆ ಮೂರನೆಯ ಕೆಲಸ ಮೊದಲ ಎರಡರ ಮೇಲೆ ನಿಂತಿದೆ. ನಾಟಿ ತಳಿಗಳು ಹೊಲದಲ್ಲಿ ಉಳಿಯದಿದ್ದರೆ ನಾಳೆಯ ತಳಿಗೆ ಬೇಕಾದ ಗುಣ ಹುಡುಕಲು ಜಾಗವೇ ಇರುವುದಿಲ್ಲ.

2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಈ ಋಣವನ್ನು ಒಂದಿಷ್ಟು ಒಪ್ಪಿಕೊಂಡಿದೆ. ತಾನು ಬೆಳೆದ ಬೀಜವನ್ನು ಎತ್ತಿಡಲು, ಮತ್ತೆ ಬಿತ್ತಲು, ನೆರೆಯವರೊಂದಿಗೆ ಬದಲಾಯಿಸಿಕೊಳ್ಳಲು, ಬ್ರ್ಯಾಂಡ್ ಹೆಸರು ಹಾಕದೆ ಮಾರಲು ರೈತನಿಗೆ ಅದು ಹಕ್ಕು ಕೊಟ್ಟಿದೆ. ಹಕ್ಕು ಇದೆ, ಎತ್ತಿಡುವ ರೂಢಿ ತಪ್ಪಿದೆ. ಎಲ್ಲ ಬೀಜವನ್ನೂ ಎತ್ತಿಡಿ ಎಂದು ನಾನು ಹೇಳುವುದಿಲ್ಲ. ಹೈಬ್ರಿಡ್ ಮೆಕ್ಕೆಜೋಳ, ಹತ್ತಿಯನ್ನು ಎತ್ತಿಟ್ಟರೆ ನಷ್ಟ ನಿಮಗೇ. ರಾಗಿ, ಹುರಳಿ, ಹೆಸರು, ಅವರೆ ಹಾಗಲ್ಲ. ಅವು ಬಹುಮಟ್ಟಿಗೆ ತಮ್ಮ ಪರಾಗವನ್ನು ತಾವೇ ಬಳಸುವ ಬೆಳೆಗಳು, ತಳಿ ಬೇಗ ಕೆಡುವುದಿಲ್ಲ. ತೊಗರಿಗೆ ಜೇನ್ನೊಣಗಳ ಓಡಾಟ ಹೆಚ್ಚು. ಅದರ ಬೀಜ ಬೇಕಾದರೆ ಬೇರೆ ತೊಗರಿಯಿಂದ ದೂರದ ಹೊಲದ್ದನ್ನೇ ಆರಿಸಿ.

ಹೊಲವಿರುವವರು ಈ ಸುಗ್ಗಿಯಲ್ಲಿ ಕೊಯ್ಲಿಗೆ ಮೊದಲೇ ಹೊಲದಲ್ಲಿ ನಿಂತು ಒಳ್ಳೆಯ ಗಿಡಗಳನ್ನು ಗುರುತುಮಾಡಿ, ಅವುಗಳ ಬೀಜವನ್ನು ಬೇರೆ ಬಡಿದು, ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ತಳಿಯ ಹೆಸರು ಬರೆದು ಮುಚ್ಚಿಡಿ. ಮಳೆಗೆ ಹದಿನೈದು ದಿನ ಮುಂಚೆ ಒದ್ದೆ ಬಟ್ಟೆಯಲ್ಲಿ ನೂರು ಕಾಳು ಕಟ್ಟಿ ಮೊಳಕೆ ನೋಡಿಕೊಳ್ಳಿ. ಮನೆಯಲ್ಲಿ ವಯಸ್ಸಾದ ಹೆಂಗಸರಿದ್ದರೆ ಕೃಷಿ ಪುಸ್ತಕ ತೆರೆಯುವ ಮೊದಲು ಅವರನ್ನು ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಪುಸ್ತಕ ಮುಂದೆಯೂ ಸಿಗುತ್ತದೆ.